ಬ್ಯಾಂಡಿನ ಗುರುಸಿದ್ದಪ್ಪ ನಕ್ಕಿದ್ದು

ನನ್ನನ್ನು ಗೆರೆ ಸಮಿತಿಯ ಕಾರ್ಯದರ್ಶಿ ಮಾಡಿದ್ದು ನಾನು ಸಭೆಗೆ ಹೋಗದ ದಿನ. ನಮ್ಮೂರಿನಲ್ಲಿ ಪದಾಧಿಕಾರಿಗಳನ್ನು ಆರಿಸುವ ಪದ್ಧತಿಯೇ ಹಾಗೆ. ಹಾಜರಿದ್ದವರು ಒಬ್ಬರ ಮುಖ ಒಬ್ಬರು ನೋಡಿ ತಲೆ ತಗ್ಗಿಸುತ್ತಾರೆ, ಬಾರದವರ ಹೆಸರಿಗೆ ಚಪ್ಪಾಳೆ ತಟ್ಟುತ್ತಾರೆ. ಅವತ್ತು ನನ್ನ ಬಳೆ ಅಂಗಡಿಗೆ ಮದುವೆ ಮನೆಯವರು ಬಂದಿದ್ದರು, ಮದುಮಗಳಿಗೆ ಹಸಿರು ಬಳೆ ಇಡಿಸುತ್ತ ಕೂತಿದ್ದೆ. ಸಂಜೆ ಮೊಬೈಲ್ ರಿಪೇರಿಯ ದಾವಲ್ ಬಂದು ಪೇಢೆಯ ಪೊಟ್ಟಣ ಕೈಗಿಟ್ಟ.

"ಕಂಗ್ರಾಟ್ಸ್ ಕಸ್ತೂರಕ್ಕಾ. ಇನ್ನ ಗೆರಿ ನಿಮ್ಮ ಕೈಯಾಗೈತಿ," ಎಂದ.

ಪೇಢೆ ತಿಂದೆ. ತಿಂದ ಮೇಲೆ ಬೈದೆ. ಆದರೆ ಸಮಿತಿಯ ಲೆಕ್ಕದಲ್ಲಿ ಪೇಢೆ ತಿಂದವರು ಒಪ್ಪಿದಂತೆಯೇ.

ಗೆರೆ ಎಂದರೆ ನಮ್ಮೂರಿನ ವೆಬ್‌ಸೈಟು. ಮೊಬೈಲಿನಲ್ಲಿ ತೆರೆದರೆ ಎಡದಿಂದ ಬಲಕ್ಕೆ ಉದ್ದನೆಯ ಒಂದು ಗೆರೆ, ಅದರ ಮೇಲೆ ವರ್ಷ, ತಿಂಗಳು, ದಿನ. ಊರಿನವರು ಯಾರು ಬೇಕಾದರೂ ತಮಗಾದದ್ದನ್ನು, ತಾವು ಕಂಡದ್ದನ್ನು ಆ ದಿನದ ಮೇಲೆ ಒಂದು ಚುಕ್ಕೆಯಾಗಿ ಅಂಟಿಸಿ ಅದಕ್ಕೊಂದು ಹೆಸರು ಕೊಡಬಹುದು. ಆ ಚುಕ್ಕೆ ಒತ್ತಿದವರು ಅಲ್ಲಿಗೆ ಹೋಗುತ್ತಾರೆ. ಒಂದು ಕಪ್ ಚಹಾ ಆರುವಷ್ಟು ಹೊತ್ತು ಅಲ್ಲಿದ್ದು, ನೋಡಿ, ಕೇಳಿ, ವಾಪಸು ಬರುತ್ತಾರೆ. ಅಲ್ಲಿದ್ದವರಿಗೆ ಇವರು ಕಾಣುವುದಿಲ್ಲ. ಹೋದವರ ಚಪ್ಪಲಿ ಮತ್ತು ಮೊಬೈಲು ಮಾತ್ರ ಇಲ್ಲೇ ಉಳಿಯುತ್ತವೆ. ಹಾಗಾಗಿ ದಾರಿಯಲ್ಲಿ ಯಾರೂ ಇಲ್ಲದೆ ಒಂದು ಜೋಡಿ ಚಪ್ಪಲಿ ಕಂಡರೆ ನಾವು ಸುತ್ತಿ ಹೋಗುತ್ತೇವೆ, ಬಂದವರು ಮೈಮೇಲೆ ಬಿದ್ದರೆ ಕಷ್ಟ. ಹೋಗುವುದು ಒಬ್ಬರಿಗೆ ದಿನಕ್ಕೆ ಒಂದೇ ಸಲ. ಇನ್ನು ಸುಳ್ಳು ಅಂಟಿಸಿದರೆ ಒತ್ತಿದವರು ಕೂತಲ್ಲೇ ಕೂತಿರುತ್ತಾರೆ. ಕಟ್ಟಿಗೆ ಅಡ್ಡೆಯ ಯಜಮಾನ ತಾನು ಚಿರತೆ ಓಡಿಸಿದ್ದನ್ನು ಅಂಟಿಸಿದ್ದ. ಊರೆಲ್ಲ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡ ಮೇಲೆ ಅವನೇ ನಾಚಿ ತೆಗೆದ.

ಮೊದಮೊದಲು ಇದೆಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಊರಿಗೆ ಊರೇ ಅಂಟಿಸಲು ನಿಂತಿತು. ಮದುವೆಗೆ ಹೋದವರೆಲ್ಲ ಮದುವೆಯನ್ನು ಅಂಟಿಸಿದರು, ಊಟ ಸಾಲದೆ ಎದ್ದವರು ಅದನ್ನೂ ಅಂಟಿಸಿದರು. ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಕೆಲವು ದಿನಗಳು ಇರುವೆ ಮುತ್ತಿದ ಬೆಲ್ಲದ ಹಾಗಾದವು. ಅಂಥ ಕಡೆ ಬೆರಳಿಟ್ಟರೆ ಎಲ್ಲಿಗೆ ಹೋಗಿ ಬೀಳುತ್ತೇವೋ ದೇವರೇ ಬಲ್ಲ. ಮಗಳ ನಾಮಕರಣಕ್ಕೆಂದು ಹೊರಟ ಪೋಸ್ಟ್‌ಮ್ಯಾನ್ ಯಾರದೋ ಎಮ್ಮೆ ಈಯುವುದನ್ನು ನೋಡಿಕೊಂಡು ಬಂದ. "ಎಮ್ಮಿ ಭಾಳ ತ್ರಾಸ ಪಡ್ತು ಪಾಪ," ಎಂದು ಎರಡು ದಿನ ಮಂಕಾಗಿದ್ದ.

ಇದಕ್ಕೆಲ್ಲ ಮದ್ದು ಎಂದು ಸಮಿತಿಯ ಅಧ್ಯಕ್ಷರಾದ ಸಂಗನಗೌಡರು ಅದೇ ಸಭೆಯಲ್ಲಿ ಒಂದು ಠರಾವು ಮಾಡಿದ್ದರು. ಯಾರೂ ಹೋಗಿ ಬರದ ಚುಕ್ಕೆಗಳನ್ನೆಲ್ಲ ಯುಗಾದಿಯ ದಿನ ಅಳಿಸಿಬಿಡುವುದು. ಒಮ್ಮೆ ಅಳಿಸಿದ್ದನ್ನು ಗೆರೆ ಮತ್ತೆ ಹಿಡಿಯುವುದಿಲ್ಲ. ಎಷ್ಟು ಅಂಟಿಸಿದರೂ ಉದುರುತ್ತದೆ.

ಠರಾವಿನ ಸುದ್ದಿ ಕೇಳಿ ಮರುದಿನ ಬೆಳಗ್ಗೆಯೇ ನನ್ನ ಅಂಗಡಿಗೆ ಬಂದವಳು ಫಕೀರವ್ವ. ನನ್ನ ಅಂಗಡಿಯ ಎದುರಿಗೇ ಅವಳ ಖಾನಾವಳಿ. ಊರಿನ ಅರ್ಧ ಜನರ ಹೊಟ್ಟೆ ಅವಳ ಜೋಳದ ರೊಟ್ಟಿಯ ಮೇಲೆ ನಿಂತಿದೆ. ಗಂಡ ಗುರುಸಿದ್ದಪ್ಪ ಬ್ಯಾಂಡ್ ಮಾಸ್ತರ, ತೀರಿಕೊಂಡು ಮೂರು ವರ್ಷವಾಗಿತ್ತು. ಗುರುಸಿದ್ದಪ್ಪ ಕ್ಲಾರಿನೆಟ್ ಊದಿದರೆ ಮುದುಕರೂ ಕುಣಿಯುತ್ತಿದ್ದರು. ಆದರೆ ಊದುವವನ ಮುಖ ಮಾತ್ರ ಮಣ್ಣಿಗೆ ಹೋಗಿ ಬಂದವರ ಹಾಗೆ. ಅವನು ನಕ್ಕಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ಅವರು ಒಮ್ಮಿ ನಕ್ಕಾರ," ಎಂದಳು ಫಕೀರವ್ವ, ಕೈಗೆ ಮೆತ್ತಿದ್ದ ಹಿಟ್ಟು ಉದುರಿಸುತ್ತ. "ಹಿತ್ತಲದಾಗ. ನಾ ಅಡಗಿಮನ್ಯಾಗಿದ್ದೆ, ಕೇಳೀನಿ. ಗೆರಿ ಮ್ಯಾಲೆ ಹಚ್ಚೀನಿ. ಆದ್ರ ಒಂದಿನಾನೂ ಅಲ್ಲಿಗೆ ಮುಟ್ಟಿಲ್ಲ ನೋಡು. ಯಾರೂ ಹೋಗಿಲ್ಲಂತ ಈ ಗೌಡ ಅದನ್ನ ಅಳಿಸಿದ್ರ ನಾ ಏನ್ ಮಾಡ್ಲಿ?"

"ಮುಟ್ಟಿಲ್ಲ ಅಂದ್ರ? ಒತ್ತಿದ್ರ ಹೋಗ್ತೀ ಅಲ್ಲ?"

"ಹೋಗ್ತೀನಿ. ಟಾಕಿಗೆ ಹೋಗ್ತೀನಿ."

ಆಗ ನನಗೆ ಅರ್ಥವಾಯಿತು. ಗುರುಸಿದ್ದಪ್ಪ ನಗಲು ಆರಿಸಿಕೊಂಡ ದಿನ ನೀರಿನ ಟಾಕಿಯ ಉದ್ಘಾಟನೆಯ ದಿನ. ಇಡೀ ಗೆರೆಯ ಮೇಲೆ ಅಷ್ಟು ದಟ್ಟವಾದ ದಿನ ಇನ್ನೊಂದಿಲ್ಲ. ಊರಿನ ಪ್ರತಿಯೊಬ್ಬರೂ "ಟಾಕಿ ಉದ್ಘಾಟನೆಯಲ್ಲಿ ನಾನು" ಎಂದು ಒಂದೊಂದು ಚುಕ್ಕೆ ಅಂಟಿಸಿದ್ದರು. ಸಂಗನಗೌಡರಂತೂ ತಾವು ಜೀಪಿನಿಂದ ಇಳಿದದ್ದು, ಹಾರ ಹಾಕಿಸಿಕೊಂಡದ್ದು, ಕತ್ತರಿ ಹಿಡಿದದ್ದು, ಮೈಕು ತಟ್ಟಿದ್ದು, ಭಾಷಣದ ನಡುವೆ ನೀರು ಕುಡಿದದ್ದು, ಎಲ್ಲವನ್ನೂ ಬೇರೆ ಬೇರೆ ಅಂಟಿಸಿದ್ದರು. ಆ ರಾಶಿಯ ಅಡಿಯಲ್ಲೆಲ್ಲೋ ಫಕೀರವ್ವನ ಚುಕ್ಕೆ ಸಿಕ್ಕಿಕೊಂಡಿತ್ತು. ಅವಳು ದಿನಾ ಸಂಜೆ ಒಲೆ ಆರಿಸಿ, ಕೈ ತೊಳೆದು, ಗಂಡನ ನಗೆ ಕೇಳಲು ಹೊರಡುವುದು. ಗೌಡರ ಭಾಷಣ ಕೇಳಿಕೊಂಡು ಬರುವುದು.

"ಓಡಿ ನೋಡೀನಿ," ಎಂದಳು. "ಟಾಕಿಯಿಂದ ನಮ್ಮ ಮನಿಗೆ ಇಳಿಜಾರ ಐತಿ, ಸೀರಿ ಎತ್ತಿ ಕಟ್ಟಿ ಓಡೀನಿ. ಹಿಟ್ಟಿನ ಗಿರಣಿ ತನಕ ಹೋಗೂದ್ರಾಗ ಚಹಾ ಆರತೈತಿ, ವಾಪಸ್ ಬಂದ್ಬಿಡ್ತೀನಿ."

ನಗು ಬರಬೇಕಿತ್ತು. ಬರಲಿಲ್ಲ. ಅವತ್ತಿನ ನನ್ನ ಸರದಿ ಹಾಗೇ ಇತ್ತು, ನಾನೇ ಒತ್ತಿ ನೋಡಿದೆ. ಬಳೆಗಾರ್ತಿಯ ಬೆರಳು, ಸಣ್ಣದು, ಗುರಿ ತಪ್ಪದು ಎಂಬ ಜಂಬವಿತ್ತು. ನೆಟ್ಟಗೆ ಹೋಗಿ ಮೈಕಿನ ಪಕ್ಕ ನಿಂತೆ. ಗೌಡರು ಕೆಮ್ಮಿ ಗಂಟಲು ಸರಿಮಾಡಿಕೊಂಡಾಗ ನನ್ನ ಕಿವಿಯ ಹತ್ತಿರವೇ "ಹ್ಹ್ರೂಂ" ಎಂದಿತು. ವಾಪಸು ಬಂದ ಮೇಲೂ ಬಹಳ ಹೊತ್ತು ಆ ಕಿವಿ ಕೇಳಿಸಲಿಲ್ಲ.

ಆವತ್ತಿನಿಂದ ನಾನು ಮತ್ತು ದಾವಲ್ ಗೆರೆಯ ಬೆನ್ನು ಬಿದ್ದೆವು. ಗೆರೆಯ ಒಳಗಿನ ಕೆಲಸ ಅವನಿಗೆ ಗೊತ್ತು, ಹೇಗಿರಬೇಕೆಂದು ಹೇಳುವುದು ನನ್ನ ಪಾಲು. ಮೊದಲು ಬಣ್ಣ ಹಾಕಿಸಿದೆ. ಮದುವೆಗೆ ಹಳದಿ, ಹುಟ್ಟಿಗೆ ಗುಲಾಬಿ, ಅನಾಹುತಕ್ಕೆ ಕೆಂಪು, ಉಳಿದದ್ದಕ್ಕೆ ನೀಲಿ. ಬೇಕಾದ ಬಣ್ಣ ಆರಿಸಿದರೆ ಅದಷ್ಟೇ ಕಾಣುತ್ತದೆ, ಎಷ್ಟು ಸುಲಭ! ಆದರೆ ಬಣ್ಣ ಆರಿಸುವುದನ್ನು ಊರಿನವರಿಗೆ ಬಿಟ್ಟದ್ದೇ ತಪ್ಪಾಯಿತು. ಅರ್ಧ ಗಂಡಸರು ತಮ್ಮ ಮದುವೆಗೆ ಕೆಂಪು ಹಚ್ಚಿದರು. ಅದನ್ನು ನೋಡಿದ ಹೆಂಡತಿಯರು ಅಡುಗೆಮನೆಗೆ ಬೀಗ ಹಾಕಿದರು. ಫಕೀರವ್ವನ ಖಾನಾವಳಿಯಲ್ಲಿ ಒಂದು ವಾರ ಕೂರಲು ಜಾಗವಿರಲಿಲ್ಲ.

ಆಮೇಲೆ ಹುಡುಕುವ ಪೆಟ್ಟಿಗೆ ಮಾಡಿಸಿದೆ. ಮೊದಲ ಅಕ್ಷರ ಬರೆದರೆ ಸಾಕು, ಆ ಅಕ್ಷರದ ಚುಕ್ಕೆಗಳು ಸಾಲಾಗಿ ನಿಲ್ಲಬೇಕು. ನಿಂತವು. ಆದರೆ ನಮ್ಮವರು ಕಾಗದ ಬರೆಯಲಿ, ಕಿರಾಣಿ ಚೀಟಿ ಬರೆಯಲಿ, ಮೇಲೊಂದು ಶ್ರೀ ಹಾಕದೆ ಕೈ ಮುಂದಕ್ಕೆ ಹೋಗುವುದಿಲ್ಲ. ಇಡೀ ಊರು ಶ್ರೀಯ ಕೆಳಗೆ ಬಂದು ಕೂತಿತು. "ಶ್ರೀ ಕೋಳಿ ಕಳವಾದದ್ದು" ಎಂದೂ ಒಂದಿತ್ತು. ಶ್ರೀ ತೆಗೆಯಿರಿ ಎಂದು ಡಂಗುರ ಸಾರಿಸಿದರೆ, ಶುಭಕಾರ್ಯಕ್ಕೆ ಕಲ್ಲು ಹಾಕುವವಳು ಎಂದು ನನ್ನನ್ನೇ ಬೈದರು. ದಿನಗಳನ್ನು ಹಿಗ್ಗಿಸಿಯೂ ನೋಡಿದೆವು. ಆಗ ಗೆರೆ ಎಷ್ಟು ಉದ್ದವಾಯಿತೆಂದರೆ ಹೋದ ದೀಪಾವಳಿಗೆ ಮುಟ್ಟುವಷ್ಟರಲ್ಲಿ ಹೆಬ್ಬೆರಳು ಬಾವು ಬಂತು.

"ಅಕ್ಕಾ, ನಾ ಬರೀ ಮೊಬೈಲ್ ಗ್ಲಾಸ್ ಹಾಕ್ಕೊಂಡು ಆರಾಮಿದ್ದೆ," ಎಂದು ದಾವಲ್ ತಲೆ ಮೇಲೆ ಕೈ ಹೊತ್ತು ಕೂತ. ಯುಗಾದಿ ಹತ್ತಿರ ಬರುತ್ತಿತ್ತು.

ಆ ಹೊತ್ತಿಗೆ ಗಿರಾಕಿಯೊಬ್ಬಳು ಬಂದು ಕೆಂಪು ಗಾಜಿನ ಬಳೆ ಕೇಳಿದಳು. ನಾನು ಮಾತಾಡುತ್ತಲೇ ಮಲಾರ ತೆಗೆದು ಅವಳ ಮುಂದಿಟ್ಟೆ. ಮಲಾರ ಎಂದರೆ ಒಂದೇ ಜಾತಿಯ ಬಳೆಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿದ ಗೊಂಚಲು. ಮೇಲಿನ ಒಂದು ಬಳೆ ನೋಡಿದರೆ ಒಳಗಿನದೆಲ್ಲ ಗೊತ್ತಾಯಿತು. ಬೇಕಾದವರು ದಾರ ಬಿಚ್ಚಿಸಿ ಒಳಗಿನದನ್ನು ಆರಿಸುತ್ತಾರೆ, ಬೇಡದವರು ಮುಂದಿನ ಮಲಾರಕ್ಕೆ ಹೋಗುತ್ತಾರೆ. ಕೈ ಅಲ್ಲೇ ನಿಂತಿತು. ದಾವಲ್ ನನ್ನ ಕೈ ನೋಡಿದ, ನಾನು ಅವನ ಮುಖ ನೋಡಿದೆ. ಹುಟ್ಟಿದಾಗಿನಿಂದ ಇದನ್ನೇ ಮಾಡಿಕೊಂಡು ಬಂದವಳಿಗೆ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಗಿರಾಕಿ ಸುಮ್ಮನೆ ನಿಂತು ನಿಂತು ಪಕ್ಕದ ಅಂಗಡಿಗೆ ಹೋದಳು.

ಟಾಕಿಯ ಉದ್ಘಾಟನೆಯ ಚುಕ್ಕೆಗಳನ್ನೆಲ್ಲ ಒಂದೇ ಮಲಾರಕ್ಕೆ ಪೋಣಿಸಬೇಕು, ಆಗ ಆ ದಿನದ ಉಳಿದ ಚುಕ್ಕೆಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಆದರೆ ಅಂಟಿಸಿದವರ ಒಪ್ಪಿಗೆ ಇಲ್ಲದೆ ಚುಕ್ಕೆ ಸರಿಸುವಂತಿಲ್ಲ. ಊರಿನವರು ಹೇಗೋ ಒಪ್ಪಿದರು. ಸಂಗನಗೌಡರು ಸಭೆಯಲ್ಲಿ ಮೀಸೆ ತಿರುವಿ ಕೂತರು.

"ನನ್ನ ಹಾರ ಬ್ಯಾರೆ, ನನ್ನ ಕತ್ತರಿ ಬ್ಯಾರೆ, ನನ್ನ ಭಾಷಣ ಬ್ಯಾರೆ. ಎಲ್ಲಾ ಒಂದ ಚೀಲದಾಗ ತುಂಬಾಕ ಅವೇನು ಬಟಾಟಿ ಏನ್ರಿ?" ಎಂದರು. "ಅಲ್ಲಾ, ಗುರುಸಿದ್ದಪ್ಪ ನಕ್ಕಿದ್ದು ಅಂತೀರಿ. ಅಂವ ನಕ್ಕಿದ್ದು ಯಾರ್ ನೋಡ್ಯಾರ? ಇಲ್ಲದ್ದಕ್ಕ ನನ್ನ ಭಾಷಣ ಮುಚ್ಚಿಡಬೇಕಾ?"

ಹಿಂದಿನ ಸಾಲಿನಲ್ಲಿ ಕೂತಿದ್ದ ಫಕೀರವ್ವ ಎದ್ದಳು. ಸೆರಗು ಸರಿಪಡಿಸಿಕೊಂಡಳು. ಜಗಳವಾಡುತ್ತಾಳೆ ಎಂದುಕೊಂಡೆ. ಅವಳು ಎದೆ ಉಬ್ಬಿಸಿ, ಬಲಗೈ ಮೇಲೆತ್ತಿ, ಗೌಡರ ಧ್ವನಿಯಲ್ಲೇ ಶುರು ಮಾಡಿದಳು.

"ಹ್ಹ್ರೂಂ! ಮಹನೀಯರೇ ಮತ್ತು ಮಹಿಳೆಯರೇ! ನಾನು ಹುಟ್ಟಿದಾಗ ಈ ಊರಿನಲ್ಲಿ ನೀರಿರಲಿಲ್ಲ. ಹ್ಹ್ರೂಂ! ನಾನು ಬೆಳೆದಾಗಲೂ ಈ ಊರಿನಲ್ಲಿ ನೀರಿರಲಿಲ್ಲ. ಹ್ಹ್ರೂಂ! ಆದರೂ ನಾನು ಸ್ನಾನ ಬಿಡಲಿಲ್ಲ!"

ಒಂದಕ್ಷರ ಬಿಡಲಿಲ್ಲ. ಗೌಡರು ಎಲ್ಲಿ ನೀರು ಕುಡಿದಿದ್ದರೋ ಅಲ್ಲಿ ಅವಳೂ ನಿಲ್ಲಿಸಿ ಕುಡಿದಂತೆ ಮಾಡಿದಳು. ಎಲ್ಲಿ ಚಪ್ಪಾಳೆಗೆ ಕಾದಿದ್ದರೋ ಅಲ್ಲಿ ಕಾದಳು. ಸಭೆ ಬಿದ್ದು ಬಿದ್ದು ನಕ್ಕಿತು. "ಈಗ ಎಲ್ಲರೂ ನಿಮ್ಮ ನಿಮ್ಮ ನಲ್ಲಿ ತಿರುವಿರಿ! ಹ್ಹ್ರೂಂ! ಗಂಗೆ ನಿಮ್ಮ ಹಿತ್ತಲಿಗೆ ಬರುತ್ತಾಳೆ!" ಎಂದು ಮುಗಿಸಿ ಕೈ ಮುಗಿದು ಕೂತಳು. ನಾನು ಹೆದರುತ್ತ ಗೌಡರ ಕಡೆ ನೋಡಿದೆ. ಅವರ ಕಣ್ಣು ತುಂಬಿತ್ತು.

"ಪೂರ್ತಿ ಕೇಳೀಯೇನವ್ವಾ ನೀ?" ಎಂದರು. "ಅವತ್ತು ಎದುರಿಗೆ ಕುಂತವ್ರೂ ಕೇಳಿರ್ಲಿಲ್ಲ. ನನ್ನ ಹೆಂಡ್ತಿನೂ ನಿದ್ದಿ ಹೋಗಿದ್ಲು."

ಕಬ್ಬಿಣ ಕಾದಿದ್ದಾಗಲೇ ನಾನು ಹೇಳಿದೆ: "ಗೌಡ್ರ, ಮಲಾರದ ಮ್ಯಾಲಿನ ಬಳಿ ನಿಮ್ಮ ಭಾಷಣನ ಇರ್ಲಿ. ನಿಮ್ಮ ಹಾರದ ಫೋಟೋನೂ ಹಾಕ್ತೀವಿ." ಅವರು ಮೂಗೊರೆಸಿಕೊಂಡು ಒಪ್ಪಿದರು. ಆದರೆ ಅಳಿಸುವ ಠರಾವು ಮಾತ್ರ ಠರಾವೇ, ಅದರಲ್ಲಿ ರಿಯಾಯಿತಿ ಇಲ್ಲ ಎಂದರು. ಅಧ್ಯಕ್ಷರಲ್ಲವೇ.

ದಾವಲ್ ಪೋಣಿಸಿದ. ರಾಶಿ ಕರಗಿ ಆ ದಿನ ಬಯಲಾಯಿತು. ಗೌಡರ ಹಾರದ ಫೋಟೋ ಹೊತ್ತ ದಪ್ಪನೆಯ ಒಂದು ಮಲಾರ, ಅದರ ಪಕ್ಕ ಎರಡೇ ಚುಕ್ಕೆ. ಒಂದು "ಶ್ರೀ ಹಲ್ಲು ಕೀಳಿಸಿದ್ದು." ಇನ್ನೊಂದು "ಹಿತ್ತಲದಾಗ ಅವರು ನಕ್ಕಿದ್ದು." ಅದನ್ನು ನೋಡಿದಾಗ ನನಗೆ ಆದ ಸಂತೋಷವನ್ನು ಹೇಳಿದರೆ ಕೊಚ್ಚಿಕೊಂಡಂತೆ ಆಗುತ್ತದೆ, ಆದರೂ ಹೇಳುತ್ತೇನೆ, ಬಹಳ ಸಂತೋಷವಾಯಿತು. ನಾನೇ ಹೋಗಿ ಬರಬಹುದಿತ್ತು. ಆದರೆ ಮೂರು ವರ್ಷ ಕಾದ ಹೆಂಗಸಿಗಿಂತ ಮೊದಲು ಅವಳ ಗಂಡನ ನಗೆ ಕೇಳಲು ನಾನು ಯಾರು?

ಫಕೀರವ್ವ ಒತ್ತಿದಳು. ಹೋದಳು. ಬಂದವಳೇ ದವಡೆ ಹಿಡಿದುಕೊಂಡು ನೆಲಕ್ಕೆ ಕೂತಳು.

"ಹಲ್ಲು," ಎಂದಳು. "ಅಯ್ಯಯ್ಯ, ಎಂಥಾ ಇಕ್ಕಳ ಅಂತೀ!"

ಮರುದಿನವೂ ಹಲ್ಲಿಗೇ ಹೋದಳು. ಅದರ ಮರುದಿನ ಭಾಷಣ. ಇನ್ನು ಉಳಿದದ್ದು ಒಂದೇ ಸಂಜೆ, ಬೆಳಗಾದರೆ ಯುಗಾದಿ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೊಡ್ಡ ಜಾಗ ಬಿಟ್ಟುಕೊಟ್ಟರೂ ತಪ್ಪು ಒತ್ತುತ್ತಾಳೆಂದರೆ! ಖಾನಾವಳಿಗೇ ಹೋಗಿ ಎದುರು ಕೂತೆ. ಅವಳು ಮೊಬೈಲನ್ನು ಮೂಗಿಗೆ ತಾಗಿಸಿ, ಆಮೇಲೆ ಕೈಯುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಬೆರಳನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು.

"ಅಕ್ಕಾ, ನಿನಗ ಕಣ್ಣ ಕಾಣಸೂದಿಲ್ಲ!" ಎಂದೆ. "ಚಷ್ಮಾ ಹಾಕ್ಕೋ ಅಂತ ಊರೆಲ್ಲಾ ಬಡಕೊಂಡ್ರೂ ಯಾಕ ಕೇಳವಲ್ಲಿ?"

"ಚಷ್ಮಾ ಐತಿ," ಎಂದಳು.

"ಇದ್ರ ಹಾಕ್ಕೋ!"

"ಒಮ್ಮಿ ಹಾಕೀನಿ." ಮೊಬೈಲನ್ನು ಕೆಳಗಿಟ್ಟಳು. "ಟಾಕಿ ದಿನಾನ ಹಾಕಿದ್ದೆ, ಹೊಸಾದು. ಅವರಿಗೆ ತೋರಿಸಾಕ ಹಿತ್ತಲ ಬಾಗಿಲಿಗೆ ಹೋದೆ. ಅವರು ದಾಡಿ ಮಾಡ್ಕೊಳ್ಳಾಕತ್ತಿದ್ರು. ನನ್ನ ಒಮ್ಮಿ ನೋಡಿದ್ರು, ಏನೂ ಅನ್ಲಿಲ್ಲ. ಒಳಗ ಬಂದು ಸ್ಟವ್ ಪಂಪ್ ಹೊಡ್ಯಾಕತ್ತೆ, ಆಗ ಅವರು ನಕ್ಕಿದ್ದು ಕೇಳಿಸ್ತು. ಅಷ್ಟು ಜೋರ ನಗಿ! ಹುಟ್ಟಿ ಒಮ್ಮಿನೂ ನಗದವ್ರು ನನ್ನ ಮಾರಿ ನೋಡಿ ನಕ್ರು ಅಂದ್ರ ನಾ ಎಂಥಾ ಚಂದ ಕಂಡಿರಬೇಕು ನೀನ ಹೇಳು. ತಗದು ಇಟ್ಟೆ. ಮತ್ತ ಹಾಕ್ಕೊಳ್ಳಿಲ್ಲ."

"ಯಾಕ ನಕ್ರಿ ಅಂತ ಕೇಳ್ಲಿಲ್ಲಾ?"

"ಕೇಳಿದ್ರ ಮತ್ತ ನಗ್ತಾರಂತ ಕೇಳ್ಲಿಲ್ಲ."

"ಹಂಗಾದ್ರ ಆ ನಗಿ ಕೇಳಾಕ ಯಾಕ ಇಷ್ಟು ಒದ್ದಾಡ್ತೀ ಅಕ್ಕಾ?" ಎಂದೆ.

"ನನ್ನ ನೋಡಿ ನಕ್ಕಿದ್ರೂ ನಕ್ಕಿದ್ದು ಅವರ ಅಲ್ಲೇನ ತಂಗಿ?" ಎಂದಳು ಫಕೀರವ್ವ.

ಆಮೇಲೆ ಅವಳು ಎದ್ದು, ಮಸಾಲೆ ಡಬ್ಬಿಗಳ ಹಿಂದಿನಿಂದ ಒಂದು ಪೆಟ್ಟಿಗೆ ತೆಗೆದಳು. ಕನ್ನಡಕಕ್ಕೆ ಗರಂ ಮಸಾಲೆಯ ವಾಸನೆ ಹಿಡಿದಿತ್ತು. ಸೆರಗಿನಿಂದ ಒರೆಸಿ, ನನ್ನ ಕಡೆ ಬೆನ್ನು ಮಾಡಿ ಹಾಕಿಕೊಂಡಳು. "ನಗಬ್ಯಾಡ," ಎಂದಳು. ನಾನು ನಗಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಅದು ಚೆನ್ನಾಗಿ ಒಪ್ಪುತ್ತಿತ್ತು. ಅವಳು ಮೊಬೈಲು ನೋಡಿದಳು. ಬೆರಳು ಎಲ್ಲೂ ಅಲೆಯದೆ ನೆಟ್ಟಗೆ ಇಳಿಯಿತು. ಬೆಂಚಿನ ಮೇಲೆ ಮೊಬೈಲು, ಬೆಂಚಿನ ಕೆಳಗೆ ಚಪ್ಪಲಿ.

ನಾನು ಚಹಾ ಕಾಸಿ ಕಪ್ಪಿಗೆ ಬಗ್ಗಿಸಿ ಎದುರಿಗಿಟ್ಟುಕೊಂಡು ಕೂತೆ. ಆವಿ ಸಣ್ಣಗಾಗುತ್ತ ಬಂತು. ಆ ನಗೆ ಸುಳ್ಳಾಗದಿರಲಿ ದೇವರೇ ಎಂದು ಅಂಗಲಾಚುತ್ತಿದ್ದ ನನಗೆ, ಅವಳು ಹೋದದ್ದೇ ಅದು ನಿಜವೆಂಬುದಕ್ಕೆ ಗುರುತು ಎಂಬುದೂ ನೆನಪಿರಲಿಲ್ಲ. ಚಹಾ ಕೆನೆಗಟ್ಟಿತು. ಫಕೀರವ್ವ ಮತ್ತೆ ಬೆಂಚಿನ ಮೇಲಿದ್ದಳು, ಕನ್ನಡಕದ ಗಾಜೆಲ್ಲ ಒದ್ದೆ. ಅಳುತ್ತಿದ್ದಾಳೆ ಎಂದುಕೊಂಡೆ, ಅಳುತ್ತಲೇ ಇದ್ದಳು, ಆದರೆ ಹೊಟ್ಟೆ ಹಿಡಿದುಕೊಂಡು ನಗುತ್ತಲೂ ಇದ್ದಳು.

"ನನ್ನ ನೋಡಿ ಅಲ್ಲ ತಂಗಿ! ನನ್ನ ನೋಡಿ ಅಲ್ಲ! ಅಲ್ಲಿ ಟಾಕಿ ಮುಂದ ಗೌಡ ಮೈಕಿನ್ಯಾಗ ನಳಾ ತಿರುವ್ರಿ ಅಂದಾ. ಇವರು ಮಾರಿ ತುಂಬ ಸಾಬೂನ ಹಚ್ಚಿಕೊಂಡು ಹೊಸಾ ನಳಾ ತಿರುವಿದ್ರು. ನೀರಿಲ್ಲ ಏನಿಲ್ಲ, ಬರೇ ಗಾಳಿ. ಗೌಡ ಮೈಕಿನ್ಯಾಗ ಹ್ಹ್ರೂಂ ಅಂದಾ. ನಳಾನೂ ಹ್ಹ್ರೂಂ ಅಂತು! ಅಂವ ಮತ್ತ ಹ್ಹ್ರೂಂ ಅಂದಾ. ಇದೂ ಮತ್ತ ಹ್ಹ್ರೂಂ!" ಅವಳು ಬೆಂಚು ಬಡಿದಳು. "ಇವರು ನಕ್ರು ನೋಡು. ಸಾಬೂನ ಬಾಯಾಗ ಹೋದ್ರೂ ಬಿಡ್ಲಿಲ್ಲ."

ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ. ಆಮೇಲೆ ಅವಳು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡಳು. ಧ್ವನಿ ಇಳಿದಿತ್ತು.

"ನನ್ನ ಕರದ್ರು ತಂಗಿ. ಫಕೀರೀ, ಲಗೂನ ಬಾ, ನಳಾ ಭಾಷಣ ಮಾಡಾಕತ್ತೈತಿ ಅಂದ್ರು. ಎರಡ ಸಲಾ ಕರದ್ರು. ಅಡಗಿಮನಿ ಬಾಗಿಲ ಕಡೆ ನೋಡ್ಕೋತ ನಿಂತ್ರು. ನಾ ಸ್ಟವ್ ಸಪ್ಪಳದಾಗ ಕೇಳಸ್ಕೊಳ್ಳಿಲ್ಲ. ಸಿಟ್ಟಾಗಿ ಕುಂತಿದ್ದೆ."

ಅಷ್ಟು ಹೇಳಿ ಅವಳು ಆರಿದ ಚಹಾವನ್ನು ಹಾಗೇ ಕುಡಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಆ ಕರೆಯನ್ನು ಅವಳಿಗೆ ಮುಟ್ಟಿಸಲು ಇಷ್ಟು ವರ್ಷ ತೆಗೆದುಕೊಂಡ ನಮ್ಮ ಗೆರೆಯ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಬಂತು.

ಯುಗಾದಿಯ ದಿನ ಠರಾವಿನ ಪ್ರಕಾರ ಅಳಿಸಬೇಕಾದದ್ದೆಲ್ಲ ಅಳಿಸಿಹೋಯಿತು. ಫಕೀರವ್ವನ ಚುಕ್ಕೆ ಉಳಿಯಿತು. ಒಬ್ಬರು ಹೋಗಿ ಬಂದಿದ್ದರಲ್ಲ. ಬೇವು ಬೆಲ್ಲ ತಿಂದಾದ ಮೇಲೆ ದಾವಲ್ ನನ್ನ ಮಾತಿನಂತೆ ಇನ್ನೊಂದು ಕೆಲಸ ಮಾಡಿದ. ಗೌಡರ ಭಾಷಣದ ಚುಕ್ಕೆಯಿಂದ ಫಕೀರವ್ವನ ಹಿತ್ತಲಿನ ಚುಕ್ಕೆಗೆ ಒಂದು ಸಣ್ಣ ದಾರ ಎಳೆದ, ಒಂದರಿಂದ ಇನ್ನೊಂದರ ದಾರಿ ತಿಳಿಯಲೆಂದು. ಈಗ ಊರಿನವರೆಲ್ಲ ಹಾಗೆ ದಾರ ಎಳೆಯಲು ಶುರು ಮಾಡಿದ್ದಾರೆ. ಪೋಸ್ಟ್‌ಮ್ಯಾನ್ ತನ್ನ ಮಗಳ ನಾಮಕರಣದಿಂದ ಆ ಎಮ್ಮೆಗೂ ಒಂದು ಎಳೆದಿದ್ದಾನೆ.

ಗೌಡರು ಒಮ್ಮೆ ಅಂಗಡಿಗೆ ಬಂದು, ತಮ್ಮ ಭಾಷಣಕ್ಕೂ ಗುರುಸಿದ್ದಪ್ಪನ ಹಿತ್ತಲಿಗೂ ಏನು ಸಂಬಂಧ ಎಂದು ಕೇಳಿದರು.

"ನಿಮ್ಮ ಭಾಷಣ ಅಲ್ಲೀತನಕ ಮುಟ್ಟಿತ್ರಿ," ಎಂದೆ. ಅವರು ಬಹಳ ಹೊತ್ತು ಮೀಸೆ ನೇವರಿಸಿಕೊಂಡು ನಿಂತಿದ್ದರು.

ಫಕೀರವ್ವ ಈಗ ಬೆಳಗಿನಿಂದಲೇ ಕನ್ನಡಕ ಹಾಕಿಕೊಂಡು ರೊಟ್ಟಿ ಬಡಿಯುತ್ತಾಳೆ. ಸಂಜೆ ಆದರೆ ಖಾನಾವಳಿಯ ಬಾಗಿಲು ಅರ್ಧ ಮುಚ್ಚುತ್ತದೆ. ಹೊಸ್ತಿಲ ಹೊರಗೆ ಒಂದು ಜೋಡಿ ಚಪ್ಪಲಿ ಇರುತ್ತದೆ, ಗಿರಾಕಿಗಳು ಅದನ್ನು ದಾಟದೆ ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಬಾಗಿಲಿಗೆ ಒಂದು ಹಲಗೆ ತೂಗು ಹಾಕಿದ್ದಾಳೆ, ಸುಣ್ಣದ ಕಡ್ಡಿಯಿಂದ ಅವಳೇ ಬರೆದದ್ದು: "ಶ್ರೀ. ರೊಟ್ಟಿ ಬುಟ್ಟ್ಯಾಗ ಅದಾವ. ನಮ್ಮವರು ಕರದಾರ, ಹೋಗಿ ಬರ್ತೀನಿ."